ಖಾಲಿಯಾಗದ ಟ್ಯಾಂಕು



ಮೋಟಾರ್ ಸೈಕಲ್ಲಿನ ಅಂಗಾಂಗಗಳಲ್ಲಿ ಪೆಟ್ರೋಲ್ ಟ್ಯಾಂಕಿಗೆ ಇರುವ ಸ್ಥಾನ ವಿಚಿತ್ರವಾದುದು. ಎಂಜಿನ್ನು ದುಡಿಯುತ್ತದೆ, ಚಕ್ರಗಳು ಉರುಳುತ್ತವೆ, ಬ್ರೇಕು ಹಿಡಿಯುತ್ತದೆ. ಟ್ಯಾಂಕು ಮಾತ್ರ ಏನನ್ನೂ ಮಾಡದೆ, ಸವಾರನ ಎರಡು ಮೊಣಕಾಲುಗಳ ನಡುವೆ ಹಳೆಯ ಕಾಲದ ಜಮೀನ್ದಾರನಂತೆ ಕುಳಿತಿರುತ್ತದೆ. ಆದರೂ ದೂರದಿಂದ ಬರುವ ಗಾಡಿ ಯಾವುದೆಂದು ನಾವು ಗುರುತಿಸುವುದು ಬಹುಮಟ್ಟಿಗೆ ಅದರ ಟ್ಯಾಂಕಿನ ಆಕಾರದಿಂದಲೇ. ಆದುದರಿಂದಲೇ, ಹಳೆಯ ಬಿಡಿಭಾಗಗಳನ್ನು ಕೂಡಿಸಿ ತಮಗೆ ಬೇಕಾದಂಥ ಗಾಡಿಯೊಂದನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳು ಮೊದಲು ಕೈ ಹಾಕುವುದು ಟ್ಯಾಂಕಿಗೆ. ಇಡೀ ಗಾಡಿಯಲ್ಲಿ ಪ್ರಾಣಕ್ಕೆ ಎರವಾಗಬಲ್ಲ ಕೆಲಸವೂ ಅದೇ.

ಅಂಥ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಮದರಾಸಿನಲ್ಲಿ ತಯಾರಾದ ಹಳೆಯ ಬುಲೆಟ್ ಒಂದರ ಚೌಕಟ್ಟು, ಎಂಜಿನ್ನು ಮತ್ತು ಕಾಗದಪತ್ರಗಳು ನನ್ನ ಪಾಲಿಗೆ ಬಂದವು. ಟ್ಯಾಂಕು ಇರಲಿಲ್ಲ. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ, ತುಕ್ಕು ಹಿಡಿದ ಕಿಟಕಿ ಸರಳುಗಳ ಅಡಿಯಲ್ಲಿ, ಜಾವಾದ ಟ್ಯಾಂಕೊಂದು ಕಣ್ಣಿಗೆ ಬಿತ್ತು. ತೂಕದ ಲೆಕ್ಕದಲ್ಲಿ ಕೊಂಡೆ. ಮದರಾಸಿನ ತಲೆಗೆ ಮೈಸೂರಿನ ಪೇಟ ಸುತ್ತುವ ಉಪಾಯವೆಂದು ಮನೆಯವರು ನಕ್ಕರು.

ಜಾವಾ ಎಂಬುದು 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಹೆಸರು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದದ್ದು. ಇರಾನಿ ಮನೆತನದವರ ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಹೊರತಂದು, ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮತ್ತೆ ರಸ್ತೆಗೆ ಬಂದವು, ನಿಜ. ಆದರೆ ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದಲ್ಲಿ. ಮೈಸೂರಿನ ಹಳೆಯ ಟ್ಯಾಂಕುಗಳು ಇನ್ನು ಹುಟ್ಟುವುದಿಲ್ಲ. ಹಾಗಿರುವಾಗ, ಗಟ್ಟಿಯಾಗಿರುವ ಹಳೆಯ ಟ್ಯಾಂಕನ್ನು ಅಂದಕ್ಕಾಗಿ ಕತ್ತರಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅಂಥದು ಸಿಕ್ಕಿದರೆ ಅದಕ್ಕೆ ತಕ್ಕ ಗಾಡಿಯ ಒಡೆಯನಿಗೆ ಕೊಡುವುದೇ ಲೇಸು.

ನನಗೆ ಸಿಕ್ಕಿದ್ದು ಅಂಥದಲ್ಲ. ಅದರ ಮೇಲ್ಭಾಗ ಕಂಚಿನ ಗಂಟೆಯಂತೆ ಗಟ್ಟಿಯಾಗಿತ್ತು. ತಳ ಮಾತ್ರ ಜರಡಿಯಾಗಿತ್ತು. ಹಳೆಯ ಟ್ಯಾಂಕುಗಳು ಹೀಗೆ ಬುಡದಲ್ಲಿಯೇ ಕೆಡುವುದಕ್ಕೆ ಕಾರಣವಿದೆ. ಹಗಲಿನ ಬಿಸಿ, ರಾತ್ರಿಯ ತಂಪು ಇವುಗಳಿಂದ ಒಳಗಿನ ಗಾಳಿಯಲ್ಲಿರುವ ತೇವ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಅದು ಕೆಳಕ್ಕಿಳಿದು, ತಳದ ಅಂಚಿನಲ್ಲಿ, ತಗಡುಗಳು ಕೂಡುವ ಬೆಸುಗೆಯ ಸಂದಿನಲ್ಲಿ ನಿಂತು, ಯಾರ ಕಣ್ಣಿಗೂ ಬೀಳದಂತೆ ವರ್ಷಗಟ್ಟಲೆ ಕಬ್ಬಿಣವನ್ನು ತಿನ್ನುತ್ತದೆ.

ತಳ ಹೋಗಿದ್ದುದು ಒಂದು ರೀತಿಯಲ್ಲಿ ಅನುಕೂಲವೇ ಆಯಿತೆನ್ನಬೇಕು. ಟ್ಯಾಂಕಿನ ಅಡಿಯಲ್ಲಿ ಉದ್ದಕ್ಕೂ ಒಂದು ಸುರಂಗವಿರುತ್ತದೆ. ಚೌಕಟ್ಟಿನ ಮೇಲ್ಕೊಳವೆಯ ಮೇಲೆ, ಕುದುರೆಯ ಬೆನ್ನಿಗೆ ಜೀನು ಕೂರುವಂತೆ, ಅದು ಕೂರಬೇಕು. ಜಾವಾದ ಚೌಕಟ್ಟಿಗೆಂದು ಮಾಡಿದ ಸುರಂಗ ಬುಲೆಟ್ಟಿನ ಚೌಕಟ್ಟಿಗೆ ಒಗ್ಗುವುದಿಲ್ಲ. ತಳವನ್ನು ಹೇಗೂ ಹೊಸದಾಗಿ ಮಾಡಬೇಕು. ಮಾಡುವಾಗ ಸುರಂಗವನ್ನೂ ಬೇಕಾದ ಅಳತೆಗೆ ಮಾಡಿದರಾಯಿತು.

ಇಷ್ಟು ಲೆಕ್ಕ ಹಾಕಿ, ಟ್ಯಾಂಕನ್ನು ಬಗಲಿಗಿಟ್ಟುಕೊಂಡು, ನಮ್ಮ ಬಡಾವಣೆಯ ಟಿಂಕರಿಂಗ್ ಮೇಸ್ತ್ರಿಗಳಲ್ಲಿಗೆ ಹೋದೆ. ಅರುವತ್ತು ದಾಟಿದ ಮನುಷ್ಯರು. ಟ್ಯಾಂಕನ್ನು ಕೈಗೆತ್ತಿಕೊಂಡು ಮುಚ್ಚಳ ತೆಗೆದು ಮೂಸಿ ನೋಡಿ, ಅದನ್ನು ಅಂಗಡಿಯ ಹೊರಗೆ ಬಿಸಿಲಿನಲ್ಲಿ ಇಟ್ಟು ಬಂದರು.

"ಎಷ್ಟೋ ವರ್ಷದಿಂದ ಖಾಲಿ ಬಿದ್ದಿದೆಯಂತೆ, ಮೇಸ್ತ್ರಿಗಳೆ" ಎಂದೆ.

"ಪೆಟ್ರೋಲು ಖಾಲಿ ಸ್ವಾಮಿ, ಟ್ಯಾಂಕು ಖಾಲಿ ಅಲ್ಲ. ತುಂಬಿದ ಟ್ಯಾಂಕಿಗೆ ನಾನು ಹೆದರೋದಿಲ್ಲ. ಖಾಲಿ ಅಂತ ತರ್ತಾರಲ್ಲ, ಅದಕ್ಕೆ ಹೆದರ್ತೀನಿ" ಎಂದರು. ಆಮೇಲೆ ತಮ್ಮ ಹುಡುಗಾಟದ ವಯಸ್ಸಿನ ಕಥೆಯೊಂದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಅವರ ಉಸ್ತಾದರು ಒಂದು ಖಾಲಿ ಡ್ರಮ್ಮಿಗೆ ಗ್ಯಾಸಿನ ಉರಿ ಹಿಡಿದರಂತೆ. "ನಾನು ಟೀ ತರೋಕೆ ಹೋಗಿದ್ದೆ ಸ್ವಾಮಿ. ತಿರುಗಿ ಬಂದಾಗ ಅಂಗಡಿಗೆ ಮಾಡು ಇರಲಿಲ್ಲ. ಉಸ್ತಾದರನ್ನ ದೊಡ್ಡಾಸ್ಪತ್ರೆಯಲ್ಲಿ ನೋಡಿದೆ. ಮೂರು ದಿನ ಇದ್ದರು."

ಮೇಸ್ತ್ರಿಗಳು ಅನುಭವದಿಂದ ಕಂಡುಕೊಂಡ ಈ ಮಾತನ್ನು ಸ್ವಲ್ಪ ಲೆಕ್ಕದ ಭಾಷೆಯಲ್ಲಿ ವಿವರಿಸಬಹುದು. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಆ ಆವಿಯೂ ಗಾಳಿಯೊಡನೆ ಒಂದು ಹದದಲ್ಲಿ ಬೆರೆತಿದ್ದರೆ ಮಾತ್ರ ಉರಿಯುತ್ತದೆ. ನೂರು ಪಾಲು ಮಿಶ್ರಣದಲ್ಲಿ ಸುಮಾರು 1.4 ಪಾಲಿಗಿಂತ ಕಡಿಮೆ ಆವಿಯಿದ್ದರೆ ಹೊತ್ತಿಕೊಳ್ಳದು, ಸುಮಾರು 7.6 ಪಾಲಿಗಿಂತ ಹೆಚ್ಚಾದರೂ ಹೊತ್ತಿಕೊಳ್ಳದು. ಪೆಟ್ರೋಲು ತುಂಬಿದ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ, ಉರಿಯಲು ಬೇಕಾದ ಗಾಳಿಗೆ ಅಲ್ಲಿ ಎಡೆಯಿರುವುದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಗೆ ಇದೂ ಒಂದು ಅರ್ಥವೇನೋ! ಬರಿದಾದ ಟ್ಯಾಂಕಿನಲ್ಲಿ ಆವಿ ತೆಳುವಾಗುತ್ತ ಬಂದು, ಯಾವುದೋ ಒಂದು ಗಳಿಗೆಯಲ್ಲಿ ಆ ಅಪಾಯದ ಹದಕ್ಕೆ ಇಳಿಯುತ್ತದೆ.

ಆ ಹದಕ್ಕೆ ಎಷ್ಟು ಪೆಟ್ರೋಲು ಬೇಕು? ಒಂದು ಮಿಲಿಲೀಟರು ಪೆಟ್ರೋಲು ಆವಿಯಾದರೆ ಹೆಚ್ಚುಕಡಿಮೆ ಲೀಟರಿನ ಐದನೆಯ ಒಂದು ಪಾಲಿನಷ್ಟು ಜಾಗವನ್ನು ತುಂಬುತ್ತದೆ. 13 ಲೀಟರು ಹಿಡಿಯುವ ಟ್ಯಾಂಕಿನಲ್ಲಿ ನೂರಕ್ಕೆ 1.4 ಪಾಲು ಎಂದರೆ ಅಷ್ಟೇ. ಅಂದರೆ ಚಹಾ ಚಮಚೆಯ ಐದನೆಯ ಒಂದು ಭಾಗ ಸಾಕು! ತಿರುವಿ ಹಾಕಿ ಅಲುಗಿಸಿದರೆ ಸದ್ದೇ ಕೇಳದಷ್ಟು. ನಮ್ಮ ಹವೆಯಲ್ಲಿ ಅದು ಆವಿಯಾಗದೆ ಉಳಿಯುವುದೆಂಬ ಭರವಸೆಯೂ ಇಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬಲ್ಲುದು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ, ಮುಚ್ಚಳ ತೆರೆದಿಟ್ಟರೂ ಮೇಲಕ್ಕೆ ಹಾರಿಹೋಗದೆ ತಳದಲ್ಲಿಯೇ ಮಲಗಿರುತ್ತದೆ.

ಹಳೆಯ ಜಾವಾದ ಟ್ಯಾಂಕಿನಲ್ಲಿ ಇನ್ನೊಂದು ತೊಡಕಿದೆ. ಅದು ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿಯೇ ಟ್ಯಾಂಕಿಗೆ ಹಾಕುತ್ತಿದ್ದರು. ಪೆಟ್ರೋಲು ಆರಿಹೋದರೂ ಎಣ್ಣೆಯ ಜಿಡ್ಡು, ಹಳೆಯ ಪೆಟ್ರೋಲಿನ ಅಂಟಿನೊಡನೆ ಸೇರಿ, ಸಂದುಗಳಲ್ಲಿ ಅರಗಿನಂತೆ ಕೂತಿರುತ್ತದೆ. ಈ ಜಿಡ್ಡು ತುಕ್ಕಿನಿಂದ ಟ್ಯಾಂಕನ್ನು ಕಾಯುವುದೂ ಉಂಟು. ಆದರೆ ಬೆಸುಗೆಯ ಉರಿ ತಾಗಿದೊಡನೆ ಅದೇ ಜಿಡ್ಡು ಕಾದು, ಒಡೆದು, ಹೊಸದಾಗಿ ಆವಿಯನ್ನು ಬಿಡುತ್ತದೆ. ಮೂಸಿ ನೋಡಿದಾಗ ಯಾವ ವಾಸನೆಯೂ ಇಲ್ಲದ ಟ್ಯಾಂಕು ಬೆಸುಗೆ ಆರಂಭವಾದ ಮೇಲೆ ಸಿಡಿಯುವುದು ಹೀಗೆ. ಒಂದೇ ಒಂದು ಸಲ ನೀರಿನಲ್ಲಿ ಗಲಗಲಿಸಿ ತಂದವರು ನಂಬಿ ಕೆಡುವುದು ಇಲ್ಲಿಯೇ.

ಮೇಸ್ತ್ರಿಗಳು ನನಗೆ ಎಂಟು ದಿನದ ಕೆಲಸ ಕೊಟ್ಟರು. ಪೆಟ್ರೋಲ್ ಕೊಳಾಯಿ, ಮುಚ್ಚಳ ಎಲ್ಲವನ್ನೂ ಬಿಚ್ಚಿ, ಕುದಿಯುವ ನೀರಿಗೆ ಬಟ್ಟೆ ಸೋಪಿನ ಪುಡಿ ಹಾಕಿ, ಹಿಡಿ ತುಂಬ ನಟ್ಟುಗಳನ್ನು ಒಳಗೆ ಬಿಟ್ಟು, ಮೊಸರು ಕಡೆಯುವ ತಾಳ್ಮೆಯಿಂದ ಅಲುಗಿಸುವುದು. ಮೊದಲ ಸಲ ಕಾಫಿ ಡಿಕಾಕ್ಷನ್ನಿನಂಥ ನೀರು ಹೊರಬಂತು. ಆರನೆಯ ಸಲಕ್ಕೆ ತಿಳಿಯಾಯಿತು. ಆಮೇಲೆ ಬಾಯಿ ತೆರೆದು, ತಲೆಕೆಳಗಾಗಿ, ಗಾಳಿಯಲ್ಲಿ ಬಿಡುವುದು. ಇಷ್ಟಾದ ಮೇಲೂ ಅವರು ಟ್ಯಾಂಕಿಗೆ ಉರಿ ತೋರಿಸಲಿಲ್ಲ. ಒಳಗೆ ನೀರು ತುಂಬಿಸಿ, ಕಿಡಿ ಹಾರುವ ಗ್ರೈಂಡರನ್ನು ದೂರವಿಟ್ಟು, ಗರಗಸದಿಂದಲೂ ತಗಡಿನ ಕತ್ತರಿಯಿಂದಲೂ ತಳವನ್ನು ಬಿಡಿಸಿದರು. ತಳ ಕಳಚಿದೊಡನೆ ಟ್ಯಾಂಕು ಬರೀ ಬೋಗುಣಿಯಾಯಿತು. ಬೋಗುಣಿ ಸಿಡಿಯುವುದಿಲ್ಲ. ಒಳಮೈಯ ಸಂದುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಕಣ್ಣಾರೆ ಕಂಡು ಶುಚಿಮಾಡುವುದು ಆಗ ಸಾಧ್ಯವಾಯಿತು. ತಳವನ್ನು ಬಿಚ್ಚದೆ ಬೆಸುಗೆ ಹಾಕಲೇಬೇಕಾದಾಗ, ಬೆಸುಗೆಯ ಜಾಗವನ್ನಷ್ಟೆ ಮೇಲೆ ಬಿಟ್ಟು ಉಳಿದುದಕ್ಕೆ ನೀರು ತುಂಬಿಸಿ, ಆವಿ ಹೋಗಲು ಬಾಯಿ ತೆರೆದಿಡುವ ಕ್ರಮವಿದೆ. ಆರ್ಗಾನಿನಂಥ ಜಡ ಅನಿಲವನ್ನು ಒಳಗೆ ಹರಿಸುವ ಕ್ರಮವೂ ಇದೆ. ಇನ್ನೊಂದು ಗಾಡಿಯ ಸೈಲೆನ್ಸರಿನ ಹೊಗೆಯನ್ನು ರಬ್ಬರ್ ಕೊಳವೆಯಿಂದ ಟ್ಯಾಂಕಿಗೆ ತುಂಬಿಸಿ ಧೈರ್ಯ ತಂದುಕೊಳ್ಳುವವರನ್ನೂ ಕಂಡಿದ್ದೇನೆ. ಆ ಹೊಗೆಯಲ್ಲಿ ಉರಿಯದ ಗಾಳಿ ಎಷ್ಟು ಉಳಿದಿರುತ್ತದೆಂದು ಹೇಳುವವರು ಯಾರು?

ತುಕ್ಕಿನ ಉಪಚಾರಕ್ಕೆ ನಮ್ಮ ಅಡುಗೆಮನೆಯೇ ದಾರಿ ತೋರಿಸುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಮಾಡುವ ಕೆಲಸವನ್ನೇ ಕಬ್ಬಿಣದ ತುಕ್ಕಿಗೆ ನಿಂಬೆಯ ಹುಳಿ, ಎಂದರೆ ಸಿಟ್ರಿಕ್ ಆಮ್ಲ, ಮಾಡುತ್ತದೆ. ಬಿಸಿನೀರಿನಲ್ಲಿ ಕರಗಿಸಿ ಒಂದು ರಾತ್ರಿ ನೆನೆಯಿಟ್ಟರೆ ಬೂದುಬಣ್ಣದ ಬರಿಯ ಲೋಹ ಕಾಣಿಸುತ್ತದೆ. ಹುಳಿಯನ್ನು ತೊಳೆದು ಹಾಗೆಯೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಕೇಸರಿ ಬಣ್ಣದ ಹೊಸ ತುಕ್ಕು ಹರಡುತ್ತದೆ. ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ತಕ್ಷಣ ಒಣಗಿಸಿ, ತೆಳುವಾಗಿ ಎಣ್ಣೆ ಸವರಬೇಕು. ಬೆಸುಗೆ ಬೀಳುವ ಅಂಚಿಗೆ ಮಾತ್ರ ಎಣ್ಣೆ ತಾಗಬಾರದು.

ಹೊಸ ತಳಕ್ಕೆ ಮೊದಲು ರಟ್ಟಿನಲ್ಲಿ ಮಾದರಿ ಮಾಡಿದೆವು. ಚೌಕಟ್ಟಿನ ಮೇಲೆ ರಟ್ಟನ್ನು ಕೂರಿಸಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ, ತಾಗುವೆಡೆಯಲ್ಲಿ ಕತ್ತರಿಸಿ, ಮತ್ತೆ ಕೂರಿಸಿ, ಹೀಗೆ ಎರಡು ದಿನ ಕಳೆಯಿತು. ಆಮೇಲೆ ಒಂದು ಮಿಲಿಮೀಟರು ದಪ್ಪದ ಸಾದಾ ಉಕ್ಕಿನ ತಗಡು. ಸತು ಲೇಪಿಸಿದ ತಗಡು ಸುಲಭವಾಗಿ ಸಿಗುತ್ತದೆ, ಆದರೆ ಬೆಸೆಯುವಾಗ ಅದರ ಹೊಗೆ ಜ್ವರ ಬರಿಸುತ್ತದೆ. ಹಳೆಯ ಟ್ಯಾಂಕಿನ ಮಗ್ಗುಲಲ್ಲಿದ್ದ ಕ್ರೋಮಿನ ಹೊಗೆ ಅದಕ್ಕಿಂತ ಕೆಟ್ಟದ್ದು. ಬೆಸುಗೆಯ ದಾರಿಯಲ್ಲಿದ್ದಷ್ಟನ್ನು ಮುಖಕ್ಕೆ ಮುಸುಕು ಹಾಕಿಕೊಂಡು ಕೆರೆದು ತೆಗೆದರು. ಮರಳು ಚೀಲದ ಮೇಲೆ ತಗಡನ್ನಿಟ್ಟು ಮರದ ಕೊಡತಿಯಿಂದ ಸುರಂಗವನ್ನು ಬಡಿದು ತೆಗೆದ ಅವರ ಕೈಗಾರಿಕೆಯನ್ನು ಕಣ್ಣಿಂದ ನೋಡಬೇಕೇ ಹೊರತು ಮಾತಿನಲ್ಲಿ ಹೇಳಲಾಗುವುದಿಲ್ಲ. ಬೆಸುಗೆಯನ್ನು ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅದರ ಎದುರಿಗೊಂದು ಚುಕ್ಕೆ, ಮತ್ತೆ ಆರುವವರೆಗೆ ಬೀಡಿ. ಬೀಡಿ ಸೇದಲು ಅವರು ರಸ್ತೆಯ ಆಚೆಗೆ ಹೋಗುತ್ತಿದ್ದರೆಂಬುದನ್ನೂ ಹೇಳಬೇಕು.

ಸೋರುವಿಕೆಯನ್ನು ಪರೀಕ್ಷಿಸುವಾಗಲೂ ಮಿತಿ ಬೇಕು. ರಂಧ್ರಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಚದರ ಅಂಗುಲಕ್ಕೆ ಎರಡು ಮೂರು ಪೌಂಡಿನಷ್ಟು ಗಾಳಿ ಹಾಕಿ, ಬೆಸುಗೆಯುದ್ದಕ್ಕೂ ಸೋಪಿನ ನೀರು ಬಳಿಯಬೇಕು. ಗುಳ್ಳೆ ಎದ್ದಲ್ಲಿ ಗುರುತು. ಗ್ಯಾರೇಜಿನ ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಬಿಟ್ಟರೆ ಟ್ಯಾಂಕಿನ ಮಗ್ಗುಲು ಪೂರಿಯಂತೆ ಉಬ್ಬುತ್ತದೆ. ನಮ್ಮ ಟ್ಯಾಂಕಿನಲ್ಲಿ ನಾಲ್ಕು ಕಡೆ ಗುಳ್ಳೆ ಎದ್ದಿತು.

ಸೋರುವ ಟ್ಯಾಂಕಿನ ಒಳಗೆ ರಾಳದ ಲೇಪ ಸುರಿದು ಮುಚ್ಚಿಬಿಡುವ ಸುಲಭ ದಾರಿಯೊಂದು ಬಳಕೆಯಲ್ಲಿದೆ. ತೂತಿಗೆ ಲೋಹವೇ ಮದ್ದೆಂಬುದು ನನ್ನ ನಿಲುವು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತಿದೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಅದಕ್ಕೆಂದು ಮಾಡದ ಹಳೆಯ ಲೇಪಗಳನ್ನು ಮೆತ್ತಗೆ ಮಾಡಿ, ಕೆನೆಯಂತೆ ಎಬ್ಬಿಸಿ, ಕಾರ್ಬುರೇಟರಿಗೆ ತಳ್ಳುತ್ತದೆ. ಲೇಪ ಬೇಕೇ ಬೇಕೆನ್ನುವವರು ಎಥನಾಲನ್ನು ತಾಳುವಂಥದನ್ನೇ ಕೇಳಿ ಪಡೆಯಬೇಕು.

ಉಳಿದವು ಸಣ್ಣ ಕೆಲಸಗಳು, ಆದರೆ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲವು. ಪೆಟ್ರೋಲು ತನ್ನ ಭಾರದಿಂದಲೇ ಇಳಿಯುವ ಗಾಡಿಯಲ್ಲಿ ಟ್ಯಾಂಕಿನ ತಳ ಕಾರ್ಬುರೇಟರಿಗಿಂತ ಮೇಲಿರಬೇಕು. ಸುರಂಗದ ಎರಡು ಮಗ್ಗುಲಲ್ಲಿ ಇಳಿಬಿದ್ದ ಭಾಗಗಳನ್ನು ಕೆಳಗೆ ಒಂದು ಕೊಳವೆಯಿಂದ ಕೂಡಿಸದಿದ್ದರೆ ಒಂದು ಕಡೆಯ ಪೆಟ್ರೋಲು ಅಲ್ಲಿಯೇ ಉಳಿಯುತ್ತದೆ. ಮುಚ್ಚಳದ ಸೂಜಿರಂಧ್ರ ಕಟ್ಟಿದರೆ ಗಾಳಿ ಒಳಹೋಗದೆ, ಟ್ಯಾಂಕು ತುಂಬಿದ್ದರೂ ಎಂಜಿನ್ನು ಬಾಯಾರಿ ಸಾಯುತ್ತದೆ. ರಿಸರ್ವ್ ಎಂಬುದು ಬೇರೆ ಟ್ಯಾಂಕೇನೂ ಅಲ್ಲ; ಕೊಳಾಯಿಯ ಒಳಗೆ ನಿಂತ ಕೊಳವೆಯ ಎತ್ತರ ಅದನ್ನು ನಿರ್ಣಯಿಸುತ್ತದೆ. ತಳದ ಆಕಾರ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಲೀಟರು ಮಾಪಿನಿಂದ ನೀರು ತುಂಬಿ ಅಳೆದಾಗ ಹೊಸ ಟ್ಯಾಂಕು 10.5 ಲೀಟರು ಹಿಡಿಯಿತು. ರಿಸರ್ವಿಗೆ ಉಳಿದದ್ದು 1.5. ಚೌಕಟ್ಟಿಗೂ ಟ್ಯಾಂಕಿಗೂ ನಡುವೆ ದಪ್ಪ ರಬ್ಬರು ಕೊಟ್ಟೆವು, ಬುಲೆಟ್ಟಿನ ನಡುಕಕ್ಕೆ ಹೊಸ ಬೆಸುಗೆ ಬಿರಿಯದಿರಲೆಂದು.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಒತ್ತಿ ಹೇಳಿತು. ಚೌಕಟ್ಟಿನ ಸಂಖ್ಯೆ, ಎಂಜಿನ್ನಿನ ಸಂಖ್ಯೆಗಳನ್ನು ನಾನು ಮುಟ್ಟಲಿಲ್ಲ. ಕೆಲಸಕ್ಕೆ ಮುಂಚೆ ಸಾರಿಗೆ ಕಚೇರಿಗೆ ಹೋಗಿ ವಿಚಾರಿಸಿಯೂ ಬಂದೆ. ಪತ್ರದಲ್ಲಿ ಗಾಡಿಯ ಬಣ್ಣ ಕಪ್ಪು ಎಂದಿದೆ. ಆದುದರಿಂದ ಜಾವಾದ ಮೆರೂನಿಗೆ ಆಸೆಪಡದೆ ಕಪ್ಪನ್ನೇ ಹಚ್ಚಿಸಿದೆ, ಪೆಟ್ರೋಲು ಚೆಲ್ಲಿದರೂ ಕರಗದಂಥ, ಗಟ್ಟಿಕಾರಕ ಬೆರೆಸಿ ಹೊಡೆಯುವ ಬಣ್ಣ.

ಮೊದಲ ಸಲ ಎರಡೇ ಲೀಟರು ಪೆಟ್ರೋಲು ಹಾಕಿ, ಅಡಿಯಲ್ಲಿ ಹಳೆಯ ದಿನಪತ್ರಿಕೆ ಹಾಸಿ, ಅಂಗಳದಲ್ಲಿ ಒಂದು ಹಗಲು ಒಂದು ರಾತ್ರಿ ನಿಲ್ಲಿಸಿದೆವು. ಬೆಳಗ್ಗೆ ಮೇಸ್ತ್ರಿಗಳೇ ಬಂದು, ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿದರು. ಕಲೆ ಇರಲಿಲ್ಲ. ಪತ್ರಿಕೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಇನ್ನು ಕಿಕ್ ಹೊಡೀರಿ ಸ್ವಾಮಿ" ಎಂದರು.