ಜಿನೀವಾದ ಪುಸ್ತಕವೂ ನಮ್ಮ ಹಾಜರಿ ಚೀಟಿಯೂ
(ತೋಟ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ನಾವು ಪೆಚ್ಚಾದ ಸಂಗತಿಯಿಂದಲೇ ಶುರು ಮಾಡುತ್ತೇವೆ. ಕೆಲವು ವರ್ಷದ ಹಿಂದೆ ನಮ್ಮ ಲೈನಿನ ಒಬ್ಬ ತಾಯಿಗೆ ಹೆರಿಗೆ ರಜೆ ಸಿಕ್ಕಲಿಲ್ಲ. ನಾವು ನಾಲ್ವರು ಕೂತು ಅರ್ಜಿ ಬರೆದೆವು: ‘1958ರ ತೋಟ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ 12 ವಾರ ರಜೆ ಕೊಡತಕ್ಕದ್ದು.’ ಅಧಿಕಾರಿ ಓದಿ ಎರಡೇ ಮಾತು ಕೇಳಿದರು. ‘ಇದನ್ನು ಇಂಡಿಯಾ ಒಪ್ಪಿದೆಯೋ? ನಮ್ಮ ದೇಶದ ಕಾನೂನು ಎಷ್ಟು ವಾರ ಅನ್ನುತ್ತದೆ?’ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಪೇಟೆಯ ಗ್ರಂಥಾಲಯಕ್ಕೆ ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು. ಡ್ಯೂಯಿ ಕ್ರಮದಲ್ಲಿ ಜೋಡಿಸಿದ ಗ್ರಂಥಾಲಯವಾದರೆ 341ನೇ ನಂಬರಿನಲ್ಲಿ ಅಂತರರಾಷ್ಟ್ರೀಯ ಕಾನೂನು, 344ರಲ್ಲಿ ಕಾರ್ಮಿಕ ಕಾನೂನು ಇರುತ್ತದೆ. ತಿಳಿಯದಿದ್ದರೆ ಗ್ರಂಥಪಾಲಕರನ್ನು ಕೇಳಿರಿ. ಕೂಲಿಯವರೆಂದು ಬಾಗಿಲಲ್ಲೇ ನಿಲ್ಲಬೇಡಿರಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐ.ಎಲ್.ಒ., 1919ರಲ್ಲಿ ಹುಟ್ಟಿತು. ಇಂಡಿಯಾ ಮೊದಲಿನಿಂದಲೂ ಅದರ ಸದಸ್ಯ. ಅಲ್ಲಿಯ ಒಡಂಬಡಿಕೆಗಳಿಗೆಲ್ಲ ನಂಬರಿದೆ, ತೋಟದವರದು 110. ನಂಬರು ಹಿಡಿದು ಹುಡುಕುವುದೇ ಸುಲಭ. ಆದರೆ ಜಿನೀವಾದಲ್ಲಿ ಒಡಂಬಡಿಕೆ ಆದ ಮಾತ್ರಕ್ಕೆ ಎಲ್ಲ ದೇಶಕ್ಕೂ ಅದು ಕಟ್ಟಲ್ಲ. ಆಯಾ ದೇಶ ತಾನೇ ಅನುಮೋದಿಸಬೇಕು. ಅನುಮೋದಿಸಿದವರ ಪಟ್ಟಿ ನೋಡಿದೆವು. ಶ್ರೀಲಂಕಾ ಇದೆ, 1995ರಿಂದ. ಇಂಡಿಯಾ ಇಲ್ಲ. ಪುಸ್ತಕ ಅಚ್ಚಾದ ವರ್ಷವನ್ನೂ ನೋಡಿರಿ. ಬ್ರೆಜಿಲ್ 1965ರಲ್ಲಿ ಒಪ್ಪಿ 1970ರಲ್ಲಿ ಹಿಂದೆ ಸರಿಯಿತು. ಹಳೆಯ ಪುಸ್ತಕ ನಂಬಿದರೆ ಅದು ಇನ್ನೂ ಒಳಗೇ ಇದ್ದೀತು. ಈಗ ಐ.ಎಲ್.ಒ.ದವರ ನಾರ್ಮ್‌ಲೆಕ್ಸ್ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಕಾಸಿಲ್ಲದೆ ಸಿಗುತ್ತದೆ.

ಇನ್ನು ಅಧಿಕಾರಿಯ ಎರಡನೆಯ ಪ್ರಶ್ನೆ. ನಮ್ಮ 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರ ತಿದ್ದುಪಡಿ ಸಮೇತ ತೆಗೆಸಿ ಓದಿದೆವು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳ ಸಹಿತ! ಆಮೇಲಿನ ಹೆರಿಗೆಗೆ 12 ವಾರ. ಮನೆಯ ಕಣಜದಲ್ಲಿ 26 ಇರುವಾಗ ಪರದೇಶಕ್ಕೆ ಹೋಗಿ 12 ಬೇಡಿದ್ದೆವು. ಈ ನಿಯಮ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ.

ಹಾಗಾದರೆ ಜಿನೀವಾದ ಪುಸ್ತಕ ಯಾತಕ್ಕೆ ಅನ್ನುವಿರಿ. ಯಾತಕ್ಕೂ ಬಾರದ್ದಲ್ಲ. ಬೇಸಾಯದ ಕೂಲಿಗಳಿಗೂ ಕಾರ್ಖಾನೆಯವರಷ್ಟೇ ಸಂಘ ಕಟ್ಟುವ ಹಕ್ಕಿದೆ ಎನ್ನುವ 11ನೇ ಒಡಂಬಡಿಕೆಯನ್ನು ಇಂಡಿಯಾ 1923ರಲ್ಲೇ ಅನುಮೋದಿಸಿದೆ. ಅದನ್ನು ಧೈರ್ಯವಾಗಿ ಬರೆಯಬಹುದು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಕಿರುಕುಳಕ್ಕೆ ನಮ್ಮಲ್ಲಿ ಕಾನೂನಿಲ್ಲದಾಗ, 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇಂಡಿಯಾ ಒಪ್ಪಿದ್ದ ಮಹಿಳೆಯರ ಒಡಂಬಡಿಕೆಯನ್ನೇ ಆಧಾರ ಮಾಡಿಕೊಂಡಿತು.

ಎರಡನೆಯ ಅರ್ಜಿಗೆ ಆ ತಾಯಿಯ ಹಾಜರಿ ಚೀಟಿಗಳನ್ನು ಎಣಿಸಬೇಕಾಯಿತು. ಅರ್ಧ ಚೀಟಿ ಒಲೆ ಸೇರಿದ್ದವು. ಉಳಿದವುಗಳಲ್ಲೇ ಹೇಗೋ 80 ದಾಟಿತು. ಹಣ ಬಂದಾಗ ಮಗು ಆಗಲೇ ಕೂತುಕೊಳ್ಳಲು ಕಲಿತಿತ್ತು.