ಇಲಿಯ ಸಕ್ಕರೆ, ಕಾಕಾನ ಸಕ್ಕರೆ



ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಬಿ.ಇ. ಓದಿದವನು, ಡಾಕ್ಟರ್ ಅಲ್ಲ. ಆದರೂ ಇವತ್ತು ಗುಳಿಗೆಯ ವಿಷಯ ಮಾತಾಡುತ್ತೇನೆ. ಏಕೆಂದರೆ ಅದರಲ್ಲಿ ನನ್ನದೊಂದು ತಪ್ಪಿದೆ.

ಒಂದು ದಿನ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು: ಬೊಜ್ಜಿನ ಇಲಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಪೂರ್ತಿ ಓದಲೂ ಇಲ್ಲ, ಮನೆಯವರ ವಾಟ್ಸ್‌ಆಪ್ ಗುಂಪಿಗೆ ಕಳಿಸಿಬಿಟ್ಟೆ. ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುವ ನಮ್ಮ ಕಾಕಾಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರು ಸುದ್ದಿಯಲ್ಲಿದ್ದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ನಾರ್ಫ್ಲಾಕ್ಸಸಿನ್ ತಂದರು. ಗುಳಿಗೆ ಪಟ್ಟಿಯ ಮೇಲೆ ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದೆಂಬ ಗುರುತು ಅದು. ಅಂಗಡಿಯಲ್ಲಿ ಕಾಕಾನ ಚೀಟಿಯೇ ಸಾಕಾಯಿತು.

ಮೂರನೆಯ ದಿನ ಫೋನ್ ಬಂತು. "ತಮ್ಮಾ, ನಿನ್ನ ಗುಳಿಗಿ ಭಾಳ ಚಲೋ ಐತಿ. ಸಕ್ರಿ ಎಪ್ಪತ್ತಕ್ಕ ಬಂದೈತಿ ನೋಡು." ನಾನೂ ಖುಷಿಪಟ್ಟೆ! ಅದೇ ರಾತ್ರಿ ಕಾಕು ಅಳುತ್ತ ಫೋನ್ ಮಾಡಿದರು. ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲಿ, ಕಾಕಾ ಮಗ್ಗದ ಪಕ್ಕದಲ್ಲೇ ಕುಸಿದಿದ್ದರು. ಇನ್ನೂ ಎಚ್ಚರವಿದ್ದುದರಿಂದ ಪಕ್ಕದ ಮನೆಯ ಹುಡುಗ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಒಯ್ದ. ಉಳಿದರು.

ಕಾಕಾ ದಿನವೂ ನುಂಗುತ್ತಿದ್ದದ್ದು ಗ್ಲಿಬೆನ್‌ಕ್ಲಮೈಡ್. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನಾರ್ಫ್ಲಾಕ್ಸಸಿನ್ ಜಾತಿಯ ಔಷಧ ಅದರ ಜೊತೆ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಈ ಜಾತಿಯ ಔಷಧಗಳ ಬಗ್ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ಅಂದರೆ ಕಾಕಾನ ಸಕ್ಕರೆ ಇಳಿದದ್ದು ನಿಜ, ರೋಗ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ನಾನು ಕೂತು ಪೂರ್ತಿ ಓದಿದೆ. ನಮ್ಮ ಕಬ್ಬಿನ ಗದ್ದೆಯ ಲೆಕ್ಕದಲ್ಲೇ ಹೇಳುತ್ತೇನೆ. ರಕ್ತ ಕಾಲುವೆ, ಸಕ್ಕರೆ ನೀರು, ಜೀವಕೋಶ ಮಡಿ, ಇನ್ಸುಲಿನ್ ಸಲಿಕೆ ಹಿಡಿದು ಮಡಿಯ ಬಾಯಿ ಬಿಡಿಸುವ ಆಳು. ಆಳು ಎಷ್ಟು ಅಗೆದರೂ ಬಾಯಿ ಬಿಡದಿದ್ದರೆ ಕಾಲುವೆ ತುಂಬಿ ಹರಿಯುತ್ತದೆ, ಮಡಿ ಒಣಗುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಕೊಬ್ಬಿನ ಆಹಾರ ತಿಂದು ಬೊಜ್ಜು ಬಂದ ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಹೊರಪದರದ ಚೂರುಗಳು ರಕ್ತಕ್ಕೆ ಸೋರಿ, ಮೈಯೊಳಗೆ ಸಣ್ಣ ಉರಿಯೂತ ಹಚ್ಚುತ್ತವೆ. ಆ ಉರಿಯೂತ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿದಾಗ ಅಡ್ಡಿಯೂ ತಗ್ಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹುಟ್ಟಾ ಬೊಜ್ಜಿನ ಇಲಿಗಳಿಗೆ ಎರಡು ವಾರ ನಾರ್ಫ್ಲಾಕ್ಸಸಿನ್ ಮತ್ತು ಆಂಪಿಸಿಲಿನ್ ಕೊಟ್ಟಿದ್ದರು. ಅವುಗಳ ಸಕ್ಕರೆ ಸುಧಾರಿಸಿತು. ಸುದ್ದಿ ಸುಳ್ಳಾಗಿರಲಿಲ್ಲ.

ಆದರೆ 2016ರಲ್ಲಿ ಅಮೆರಿಕದ ಜೋಸ್ಲಿನ್ ಮಧುಮೇಹ ಕೇಂದ್ರದವರು ಬೇರೆ ಬೇರೆ ತಳಿಯ ಇಲಿಗಳಿಗೆ ಒಂದೇ ಔಷಧ ಕೊಟ್ಟು ನೋಡಿದಾಗ, ಒಂದು ತಳಿಗೆ ಆದ ಗುಣ ಇನ್ನೊಂದಕ್ಕೆ ಆಗಲಿಲ್ಲ. ಅದೇ ವರ್ಷ ನೆದರ್ಲೆಂಡಿನ ಮಾಸ್ಟ್ರಿಕ್ಟ್‌ನಲ್ಲಿ ಬೊಜ್ಜಿದ್ದ 57 ಗಂಡಸರನ್ನು ಮೂರು ಗುಂಪು ಮಾಡಿ, ಏಳು ದಿನ ಅಮಾಕ್ಸಿಸಿಲಿನ್, ವ್ಯಾಂಕೋಮೈಸಿನ್ ಅಥವಾ ಬರೀ ಹುಸಿ ಗುಳಿಗೆ ಕೊಟ್ಟ ಪ್ರಯೋಗ ಪ್ರಕಟವಾಯಿತು. ವ್ಯಾಂಕೋಮೈಸಿನ್ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯವನ್ನು ಕುಗ್ಗಿಸಿತು, ಇನ್ಸುಲಿನ್ನಿನ ಕೆಲಸ ಮಾತ್ರ ಇದ್ದ ಹಾಗೇ ಇತ್ತು. ಅದಕ್ಕೂ ಮೊದಲು, 2014ರ ಇನ್ನೊಂದು ಅಧ್ಯಯನದಲ್ಲಿ ವ್ಯಾಂಕೋಮೈಸಿನ್ ತೆಗೆದುಕೊಂಡವರಲ್ಲಿ ಅದು ಸ್ವಲ್ಪ ಕೆಟ್ಟಿತ್ತು ಕೂಡ.

ನಮ್ಮ ಕೆಲಸದಲ್ಲಿ ಒಂದು ತಮಾಷೆಯಿದೆ. ಗಿರಾಕಿಯ ಕಡೆ ಪ್ರೋಗ್ರಾಂ ನಿಂತುಹೋದರೆ, "ನನ್ನ ಕಂಪ್ಯೂಟರಿನಲ್ಲಿ ಓಡುತ್ತಿದೆಯಲ್ಲ!" ಎನ್ನುತ್ತೇವೆ. ಅದಕ್ಕೆ ಮ್ಯಾನೇಜರ್ ಬೈಯುತ್ತಾರೆ. ಮನೆಯಲ್ಲಿ ನಾನು ಮಾಡಿದ್ದೂ ಅದನ್ನೇ, ಬೈಯುವವರು ಯಾರೂ ಇರಲಿಲ್ಲ.

ನಮ್ಮ ವಿಜ್ಞಾನದ ಮೇಷ್ಟ್ರು ಇಲ್ಲೇ ಮುಂದೆ ಕೂತಿದ್ದಾರೆ. "ಪ್ರಯೋಗ ಯಾರ ಮ್ಯಾಲೆ ಮಾಡ್ಯಾರ, ಅದನ್ನ ಮೊದಲ ಬರಿ" ಎಂದು ಒಂಬತ್ತನೆಯ ತರಗತಿಯಲ್ಲಿ ನನ್ನ ನೋಟ್‌ಬುಕ್ಕಿಗೆ ಕೆಂಪು ಮಸಿ ಹಾಕಿದವರು ಅವರೇ.

ಕಾಕಾ ಮೂರನೆಯ ಸಾಲಿನಲ್ಲಿದ್ದಾರೆ. ಈಗ ಅವರ ಗುಳಿಗೆ ಬದಲಾಗಿದೆ, ಸಂಜೆ ನಡೆಯುತ್ತಾರೆ. ಅಂಗಿಯ ಜೇಬಿನಲ್ಲಿ ಮಹಾಲಿಂಗಪುರದ ಬೆಲ್ಲದ ಒಂದು ಚೂರು ಇಟ್ಟುಕೊಂಡಿರುತ್ತಾರೆ. ಕೈ ನಡುಗಿದರೆ ಮಾತ್ರ ಬಾಯಿಗೆ ಹಾಕಿಕೊಳ್ಳಬೇಕೆಂದು ಕಾಕುವಿನ ಕಟ್ಟಪ್ಪಣೆ. ಊಟದ ನಂತರವೂ ಆ ಜೇಬಿಗೆ ಕೈ ಹೋಗುತ್ತದಂತೆ, ಅದನ್ನು ಕಾಕುವೇ ಹೇಳಬೇಕು.