ಮನೆಯ ಪಂಕ್ತಿಯಲ್ಲಿ ನಾವು
(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ಡ್ಯೂಟಿಗಳ ವಿಷಯವಾಗಿ ಇದೇ ವೇದಿಕೆಯಿಂದ ನಾವು ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಊಟದ ಮಾತು ಎಂದೊಡನೆ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ನಗಬೇಕಾದದ್ದೇ. ದಿನವೂ ನೂರಾರು ಜನಕ್ಕೆ ಬಡಿಸುವವರು ನಾವು. ಆದರೆ ಹೆಂಡತಿ ಮಕ್ಕಳೊಡನೆ ಕುಳಿತು ಉಂಡದ್ದು ಯಾವಾಗ ಎಂದು ಕೇಳಿದರೆ ಬೆರಳು ಮಡಚಿ ಎಣಿಸಬೇಕು.

ನಮ್ಮ ಊಟ ಹೋಟೆಲಿನಲ್ಲಿ. ಗಿರಾಕಿಗಳ ಗದ್ದಲ ಇಳಿದ ಮೇಲೆ, ಮೂರೂವರೆಗೋ ನಾಲ್ಕಕ್ಕೋ, ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಐದು ನಿಮಿಷ. ಗಲ್ಲಾದಿಂದ ಕೂಗು ಬಂದರೆ ಅದೂ ಇಲ್ಲ. ಈ ಅಭ್ಯಾಸವನ್ನೇ ಮನೆಗೂ ಹೊತ್ತು ತರುತ್ತೇವೆ. ರಜೆಯ ದಿನ ಒಮ್ಮೆ ಹೀಗಾಯಿತು. ಚಾಳಿನ ಖೋಲಿಯಲ್ಲಿ ಗೋಡೆಗೆ ಒರಗಿ ಕುಳಿತು, “ಏನುಂಟು?” ಎಂದೆವು. ಐದು ವರ್ಷದ ಮಗ ಎದುರಿಗೆ ಬಂದು, ಹೆಗಲ ಮೇಲೆ ಟವೆಲು ಹಾಕಿಕೊಂಡು, “ಇಡ್ಲಿ, ವಡೆ, ಪೂರಿ, ಮಸಾಲೆ” ಎಂದು ಒಂದೇ ಉಸಿರಿನಲ್ಲಿ ಹೇಳಿದ. ಎಲ್ಲರೂ ನಕ್ಕೆವು. ಉಂಡು ಏಳುವಾಗ ಆ ಹುಡುಗ, “ಬಿಲ್ಲು?” ಎಂದು ಕೈ ಚಾಚಿದ. ಆಗ ನಗು ಬರಲಿಲ್ಲ. ಅವನ ಪಾಲಿಗೆ ನಾವು ವಾರಕ್ಕೊಮ್ಮೆ ಬರುವ ಗಿರಾಕಿ!

ಅಂದು ಇನ್ನೊಂದನ್ನೂ ನೋಡಿದೆವು. ನಾವೆಲ್ಲ ಎದ್ದ ಮೇಲೆ ಮನೆಯಾಕೆ ಕುಳಿತಳು. ಪಾತ್ರೆಯ ತಳದಲ್ಲಿ ಅನ್ನವಿತ್ತು, ಸಾರಿನ ತಿಳಿ ಇತ್ತು. ಪಲ್ಯ ಮುಗಿದಿತ್ತು. ಅದು ಎಷ್ಟು ವರ್ಷದಿಂದ ಹಾಗೆ ಮುಗಿಯುತ್ತ ಬಂದಿತ್ತೋ ನಾವು ಕೇಳಿರಲಿಲ್ಲ. ಹೋಟೆಲಿನಲ್ಲಿ ಕೊನೆಯ ಪಂಕ್ತಿಗೆ ಸಾಂಬಾರು ಸಾಲದೆ ಹೋದರೆ ಭಟ್ಟರ ಮೇಲೆ ರೇಗುವವರು ನಾವೇ. ಆ ವಾರದಿಂದ ನಮ್ಮ ಮನೆಯಲ್ಲಿ ಪಾತ್ರೆಗಳನ್ನೆಲ್ಲ ನಡುವೆ ಇಟ್ಟು, ಎಲ್ಲರ ತಟ್ಟೆಗೂ ಮೊದಲೇ ಪಾಲು ಹಾಕಿ, ಒಟ್ಟಿಗೆ ಕೂರುತ್ತೇವೆ. ಹತ್ತಡಿಯ ಖೋಲಿಯಲ್ಲಿ ಐದು ಜನ ಸುತ್ತ ಕುಳಿತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ತಾಗಲಿ. ಉಪ್ಪು ಕಮ್ಮಿ ಎಂಬ ಜಗಳವನ್ನೂ ನಿಲ್ಲಿಸಿದ್ದೇವೆ. ಉಪ್ಪಿನ ಡಬ್ಬಿ ಪಕ್ಕದಲ್ಲೇ ಇರುತ್ತದೆ.

ಖರ್ಚಿನ ಮಾತು ಬಂದರೆ ನಮಗಿಂತ ತಾಯಂದಿರೇ ಬಲ್ಲವರು. ಆದರೂ ಹೋಟೆಲು ಕಲಿಸಿದ್ದನ್ನು ಹೇಳಬೇಕು. ಅಲ್ಲಿ ಯಾವುದನ್ನೂ ಚೆಲ್ಲುವುದಿಲ್ಲ, ಮನೆಯಲ್ಲಿ ಚೆಲ್ಲುತ್ತೇವೆ. ಹೀರೆಕಾಯಿ ಸಿಪ್ಪೆಗೆ ಹುಣಸೆ, ಮೆಣಸು ಸೇರಿಸಿದರೆ ಚಟ್ನಿ. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯೊಡನೆ ರುಬ್ಬಿದರೆ ಮೆತ್ತನೆಯ ದೋಸೆ. ಬಾಳೆದಿಂಡನ್ನು ಮಾರುಕಟ್ಟೆಯಲ್ಲಿ ಕೇಳುವವರು ಕಮ್ಮಿ, ನಮ್ಮೂರಿನವರು ಮಾತ್ರ ಬಿಡಬಾರದು. ಎಣ್ಣೆಯ ಡಬ್ಬದಲ್ಲಿ ಮಣ್ಣು ತುಂಬಿ ಗ್ಯಾಲರಿಯಲ್ಲಿ ದೊಡ್ಡಪತ್ರೆ ನೆಟ್ಟರೆ ವರ್ಷವಿಡೀ ತಂಬುಳಿಗೆ ಎಲೆಯುಂಟು. ಬೇಳೆ, ಕಡಲೆ, ಹುರುಳಿಗಳನ್ನು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ೧೪.೨ ಕಿಲೋ ಸಿಲಿಂಡರು ಹೆಚ್ಚು ದಿನ ಬರುತ್ತದೆ. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು. ಊಟದೊಡನೆ ನಿಂಬೆ ಹಿಂಡಿದರೆ ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡೊಡನೆ ಚಹ ಕುಡಿದರೆ ಅದಕ್ಕೇ ಅಡ್ಡಿ. ಚಹ ಮಾರುವ ನಾವೇ ಇದನ್ನು ಹೇಳಬೇಕಾಗಿ ಬಂದಿದೆ!

ಮೀನು ತಿನ್ನುವ ಮನೆಗಳಿಗೆ ಬಂಗುಡೆ, ಬೂತಾಯಿ ಸಾಕು. ಪಾಪ್ಲೆಟ್ಟು ನೆಂಟರು ಬಂದಾಗ. ಜೂನ್ ೧ರಿಂದ ಜುಲೈ ೩೧ರ ತನಕ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ನಿಷೇಧವಿರುವ ಕಾರಣ ದರ ಏರುತ್ತದೆ. ಮೇ ತಿಂಗಳಲ್ಲೇ ಒಣಮೀನು ಕೊಂಡಿಟ್ಟರೆ ಮಳೆಗಾಲದ ಗಂಜಿಗೆ ಅದಕ್ಕಿಂತ ರುಚಿ ಬೇರೆ ಯಾವುದು? ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಬಂದ ನಮ್ಮ ಸೋದರರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟು ಬ್ರೆಡ್ಡಿಗೆ ಇಳಿಯುತ್ತಿರುವುದು ಮಾತ್ರ ನಮಗೆ ಸರಿಕಾಣುವುದಿಲ್ಲ.

ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಕುಳಿತಿದ್ದಾರೆ. ೧೯೮೨ರ ಜನವರಿ ೧೮ರಂದು ಮುಷ್ಕರ ಹೂಡಿದ ಮೇಲೆ ಒಲೆ ಹೇಗೆ ಉರಿಯಿತೆಂದು ಅವರನ್ನು ಕೇಳಿರಿ. ಒಂಟಿ ಗಂಡಸರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ಗಿರಣಗಾಂವಿನ ಬೆನ್ನೆಲುಬಾಗಿದ್ದರು. ಅವರನ್ನು ಬಡ್ಡಿ ಸಾಲದಿಂದ ಬಿಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ಯಲು ಪ್ರೇಮಾ ಪುರವ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಅಡುಗೆಯೂ ದುಡಿಮೆಯೇ ಎಂದು ಆ ಹೆಂಗಸರು ಲೆಕ್ಕ ಸಹಿತ ತೋರಿಸಿದರು. ನಾವು ಮನೆಯಲ್ಲಿ ಆ ಲೆಕ್ಕವನ್ನು ಬರೆಯುವುದೇ ಇಲ್ಲ.

ಆದರೆ ಒಟ್ಟಿಗೆ ಉಣ್ಣಬೇಕಾದರೆ ಮನೆಯಲ್ಲಿರಬೇಕಷ್ಟೆ. ವಾರದ ರಜೆ ೧೯೪೮ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲೇ ಇತ್ತು. ಅದರ ಬದಲಿಗೆ ಬಂದ ೨೦೧೭ರ ಕಾನೂನಿನಲ್ಲೂ ಬಂದಿದೆ. “ರಜೆ ಯಾಕೆ, ಊಟ ಇಲ್ಲೇ ಉಂಟಲ್ಲ” ಎಂದ ಧಣಿಯೊಬ್ಬರಿಗೆ ನಾವು ಹೇಳಿದ್ದು ಇಷ್ಟೇ: ಊಟ ಇಲ್ಲಿದೆ, ಉಣ್ಣುವವರು ಅಲ್ಲಿದ್ದಾರೆ. ಆ ಹುಡುಗನಿಗೆ ರಜೆ ಸಿಕ್ಕಿತು, ಎರಡು ತಿಂಗಳ ಓಡಾಟದ ಮೇಲೆ.

ಕೊನೆಗೆ ರೇಶನ್ನಿನ ಮಾತು. ೨೦೧೩ರ ಆಹಾರ ಭದ್ರತಾ ಕಾನೂನಿನಂತೆ ಆದ್ಯತೆಯ ಕಾರ್ಡಿನಲ್ಲಿ ಹೆಸರಿರುವ ಪ್ರತಿ ಆಳಿಗೆ ತಿಂಗಳಿಗೆ ೫ ಕಿಲೋ ಧಾನ್ಯ. ೨೦೨೩ರ ಜನವರಿಯಿಂದ ಅದಕ್ಕೆ ಹಣ ಕೊಡಬೇಕಾಗಿಲ್ಲ. ಕಾರ್ಡು ಊರಿನದ್ದಾದರೂ ಇಲ್ಲಿಯ ಅಂಗಡಿಯಲ್ಲಿ ನಿಮ್ಮ ಪಾಲನ್ನು ಪಡೆಯಬಹುದು. ಮಿಕ್ಕದ್ದು ಊರಿನಲ್ಲಿ ತಾಯಿ ತಂದೆಗೆ. ಇದು ತಿಳಿಯದೆ ಅಂಗಡಿಯಿಂದ ಬರಿಗೈಲಿ ಹಿಂದೆ ಬಂದವರು ನಮ್ಮಲ್ಲೇ ಇದ್ದಾರೆ. ಕಾರ್ಡನ್ನೂ ಆಧಾರನ್ನೂ ತಂದವರು ಸಭೆ ಮುಗಿದೊಡನೆ ಬಾಗಿಲ ಬಳಿಯ ಮೇಜಿಗೆ ಬನ್ನಿ. ತಾರದೆ ಬಂದವರು ನಂಬರನ್ನಾದರೂ ಬರೆಸಿ ಹೋಗಿ. ಅಲ್ಲಿಯವರೆಗೆ ಹೊರಗೆ ಹುರುಳಿ ಸಾರು, ಅನ್ನ ಸಿದ್ಧವಾಗಿದೆ. ಇಂದು ಬಡಿಸುವ ಸರದಿ ಗಂಡಸರದ್ದು. ತಾಯಂದಿರು, ಮಕ್ಕಳು ಮೊದಲ ಪಂಕ್ತಿಗೆ ಕೂರಬೇಕು.